ಒಳಗೆ ಬಂದದ್ದು ಎಲ್ಲಿ ಹೋಯಿತು?

ಕೆಮಿಕಲ್ ಎಂಜಿನಿಯರಿಂಗ್ ಸೇರಿದ ಹುಡುಗ ಹುಡುಗಿಯರಿಗೆ ಆರಂಭದಲ್ಲೇ ಒಂದು ಪಾಠ ಇರುತ್ತದೆ. ಕಾಲೇಜಿನಲ್ಲಿ ಅದನ್ನು ಮೆಟೀರಿಯಲ್ ಬ್ಯಾಲೆನ್ಸ್ ಎನ್ನುತ್ತಾರೆ. ನಾನು ದ್ರವ್ಯದ ಲೆಕ್ಕ ಎನ್ನುತ್ತೇನೆ. ಹಾಳೆಯ ಮೇಲೆ ಒಂದು ಚೌಕ ಬರೆಯಬೇಕು. ಅದರೊಳಗೆ ಏನೇನು ಹೋಗುತ್ತದೆ, ಅದರಿಂದ ಏನೇನು ಹೊರಬರುತ್ತದೆ ಎಂದು ಬಾಣ ಹಾಕಿ ತೂಕ ಬರೆಯಬೇಕು. ಒಳಗೆ ಹೋದದ್ದು ಒಂದೋ ಹೊರಗೆ ಬಂದಿರಬೇಕು, ಇಲ್ಲವೇ ಒಳಗೇ ಉಳಿದಿರಬೇಕು. ಮೂರನೆಯ ದಾರಿ ಇಲ್ಲ. ಇಷ್ಟು ಸುಲಭದ ಪಾಠವೆಂದೇ ವಿದ್ಯಾರ್ಥಿಗಳು ಅದನ್ನು ಬೇಗ ದಾಟಿ, ಕಷ್ಟದ ಸಮೀಕರಣಗಳ ಕಡೆಗೆ ಹೋಗುತ್ತಾರೆ.

ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು ನಾನು. ಈ ವೃತ್ತಿಗೆ ಬರುವವರಿಗೆ ನಾನು ಹೇಳಬೇಕೆಂದಿರುವುದೆಲ್ಲ ಆ ಚೌಕದ ಸುತ್ತಲೇ ಇದೆ. ಬಡ್ತಿ, ಸಂಬಳ, ಸಂದರ್ಶನ ಇವುಗಳ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಚೌಕದ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಹೇಳುವವರು ಕಡಿಮೆ.

ಮೊದಲು ಅಂಗಳದಿಂದ ಶುರುಮಾಡೋಣ. ಕಾಗದದ ಕಾರ್ಖಾನೆ ಎಂದರೆ ಎಲ್ಲರ ಕಣ್ಣಿಗೆ ಕಾಣುವುದು ಭೋರ್ಗರೆದು ಓಡುವ ಪೇಪರ್ ಮೆಷೀನು. ಹೊಸದಾಗಿ ಸೇರಿದವರಿಗೆ ಅಲ್ಲಿ ನಿಲ್ಲುವ ಆಸೆ. ಆದರೆ ಕಲಿಕೆ ಶುರುವಾಗಬೇಕಾದದ್ದು ಹಿಂದಿನ ಅಂಗಳದಲ್ಲಿ, ಬಿದಿರು, ನೀಲಗಿರಿ, ಸುಬಾಬುಲ್ ರಾಶಿ ಬಿದ್ದಿರುವ ಕಡೆ. ಬೇಸಿಗೆಯ ಕೊನೆಯಲ್ಲಿ ಬಂದ ಸರಕಿಗೂ ಮಳೆಗಾಲದ ಸರಕಿಗೂ ತೇವಾಂಶದಲ್ಲಿ ಅಜಗಜಾಂತರ. ಅದನ್ನು ಕತ್ತರಿಸಿದ 100 ಟನ್ ಚಕ್ಕೆ ಡೈಜೆಸ್ಟರಿಗೆ, ಅಂದರೆ ಬೇಯಿಸುವ ಪಾತ್ರೆಗೆ, ಹೋಯಿತು ಅನ್ನಿ. ತೇವ ಶೇಕಡಾ 20 ಇದ್ದರೆ ಒಣ ವಸ್ತು 80 ಟನ್. ತೇವ 45 ಇದ್ದರೆ ಬರೀ 55 ಟನ್. ಬೇಯಿಸಲು ಹಾಕುವ ಕ್ಷಾರ ಒಣ ತೂಕದ ಶೇಕಡಾ 18 ಇರಬೇಕು ಎಂದಾದರೆ, ಮೊದಲನೆಯದಕ್ಕೆ 14.4 ಟನ್ ಬೇಕು, ಎರಡನೆಯದಕ್ಕೆ 9.9 ಟನ್ ಸಾಕು. ಬೇಸಿಗೆಯ ಅಂಕಿಯನ್ನೇ ಮಳೆಗಾಲಕ್ಕೂ ಮುಂದುವರಿಸಿದರೆ ಕ್ಷಾರ ಶೇಕಡಾ 26ಕ್ಕೆ ಏರುತ್ತದೆ. ನಾರು ಅತಿಯಾಗಿ ಬೆಂದು ಸತ್ವ ಕಳೆದುಕೊಳ್ಳುತ್ತದೆ. ಎರಡು ದಿನ ಬಿಟ್ಟು ಪೇಪರ್ ಮೆಷೀನಿನಲ್ಲಿ ಹಾಳೆ ಮತ್ತೆ ಮತ್ತೆ ಹರಿಯತೊಡಗುತ್ತದೆ. ಆಗ ಎಲ್ಲರೂ ಮೆಷೀನಿನ ಸುತ್ತ ನಿಂತು ರೋಲರುಗಳನ್ನು, ಬಟ್ಟೆಯನ್ನು, ಆ ಪಾಳಿಯ ಕೆಲಸಗಾರರನ್ನು ದೂರುತ್ತಾರೆ. ಕಾರಣ ಮಾತ್ರ ಅಂಗಳದಲ್ಲಿ ಮಳೆ ನೀರು ಕುಡಿದು ಬಿದ್ದಿರುತ್ತದೆ.

ಅದಕ್ಕೇ ನಾನು ಕಿರಿಯರಿಗೆ ಹೇಳುವುದು: ಸೇರಿದ ಮೊದಲ ತಿಂಗಳುಗಳಲ್ಲಿ ಕಂಪ್ಯೂಟರ್ ಪರದೆಯ ಮುಂದೆ ಕೂರುವುದಕ್ಕಿಂತ ಸರಕಿನ ಜೊತೆ ನಡೆಯಿರಿ. ಚಕ್ಕೆಯ ಜೊತೆ ಡೈಜೆಸ್ಟರಿಗೆ ಹೋಗಿ, ಅಲ್ಲಿಂದ ಪಲ್ಪ್, ಅಂದರೆ ಬೆಂದ ನಾರಿನ ಮುದ್ದೆ, ತೊಳೆಯುವ ಕಡೆಗೆ, ಬಿಳುಪು ಮಾಡುವ ಗೋಪುರಗಳಿಗೆ, ಮೆಷೀನಿಗೆ, ಕೊನೆಗೆ ಚರಂಡಿಗೆ. ಹೌದು, ಚರಂಡಿಗೂ. ಕಾರ್ಖಾನೆಯ ಆರೋಗ್ಯ ಅಲ್ಲಿ ತಿಳಿದಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ತಿಳಿಯುವುದಿಲ್ಲ.

ಇದೇ ದಾರಿಯಲ್ಲಿ ಸಿಗುವವರು ಹಳೆಯ ಆಪರೇಟರುಗಳು. ಬಿದಿರು ಬೇಯಿಸುತ್ತಿದ್ದ ಕಾಲದಲ್ಲಿ ಹಿರಿಯ ಆಪರೇಟರು ಒಂದು ಹಿಡಿ ಪಲ್ಪನ್ನು ಅಂಗೈಯಲ್ಲಿ ಹಿಂಡಿ, ಹೆಬ್ಬೆರಳಲ್ಲಿ ಉಜ್ಜಿ ನೋಡಿ, “ಗಿಣ್ಣು ಬೆಂದಿಲ್ಲ ಸಾರ್, ಇನ್ನೂ ಸ್ವಲ್ಪ ಹೊತ್ತು ಬೇಕು” ಎನ್ನುತ್ತಿದ್ದರು. ಪ್ರಯೋಗಾಲಯದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸಿ ಪಲ್ಪಿನಲ್ಲಿ ಲಿಗ್ನಿನ್ ಎಂಬ ಅಂಟುವಸ್ತು ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಅದಕ್ಕೆ ಕಪ್ಪಾ ಅಂಕ ಎಂದು ಹೆಸರು. ಕಪ್ಪಾ ಅಂಕದ ಚೀಟಿ ಬರುವ ಹೊತ್ತಿಗೆ ಆ ಹಿರಿಯರು ನಿರ್ಧಾರ ಮಾಡಿ ಆಗಿರುತ್ತಿತ್ತು. ಬಿದಿರಿನ ಗಿಣ್ಣು ಗಟ್ಟಿ, ಅದರೊಳಕ್ಕೆ ದ್ರಾವಣ ಇಳಿಯುವುದು ತಡ ಎಂಬುದು ಪುಸ್ತಕದಲ್ಲೂ ಇದೆ. ಅವರ ಬೆರಳಿನ ಅನುಭವವನ್ನು ಪುಸ್ತಕದ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಿ ನೋಡುವುದು ಎಂಜಿನಿಯರನ ಕೆಲಸ. ಬೆರಳಿಗೂ ಅಂಕಿಗೂ ಹೊಂದಿಕೆಯಾಗದ ದಿನ ಬಂದರೆ ಅದೇ ಹೆಚ್ಚು ಕಲಿಸುವ ದಿನ. ಆ ದಿನ ಮಾಪಕ ಕೆಟ್ಟಿರಬಹುದು, ಅಥವಾ ಬಂದ ಬಿದಿರೇ ಬೇರೆ ಕಾಡಿನದಿರಬಹುದು.

ಅವರ ಜೊತೆ ಮಾತು ಕನ್ನಡದಲ್ಲೇ ಇರಲಿ. ಅಥವಾ ಆ ಊರಿನವರು ಆಡುವ ಭಾಷೆಯಲ್ಲಿ. ಕಾಗದ ಕಾರ್ಖಾನೆಯಿರುವ ದಾಂಡೇಲಿಯಂಥ ಊರಿನಲ್ಲಿ ಕನ್ನಡದ ಜೊತೆ ಕೊಂಕಣಿ, ಮರಾಠಿ, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ಇಂಗ್ಲಿಷಿನಲ್ಲಿ ಕೇಳಿದರೆ ಅವರು ನಿಮಗೆ ಬೇಕಾದ ಉತ್ತರ ಕೊಡುತ್ತಾರೆ. ಅವರ ಭಾಷೆಯಲ್ಲಿ ಕೇಳಿದರೆ ನಡೆದದ್ದನ್ನು ಹೇಳುತ್ತಾರೆ.

ಈಗ ಕಾಗದ ತಯಾರಿಕೆಯ ಹೃದಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಅದು ಪೇಪರ್ ಮೆಷೀನು ಅಲ್ಲ, ರಿಕವರಿ ವಿಭಾಗ. ಹೊರಗಿನವರಿಗೆ ಅದರ ಹೆಸರೂ ತಿಳಿದಿರುವುದಿಲ್ಲ.

ಮರದಲ್ಲಿ ನಾರು ಇರುತ್ತದೆ, ನಾರನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಲಿಗ್ನಿನ್ ಇರುತ್ತದೆ. ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಬೆರೆಸಿದ ದ್ರಾವಣದಲ್ಲಿ ಚಕ್ಕೆಯನ್ನು ಹಾಕಿ, ಒತ್ತಡದಲ್ಲಿ ಸುಮಾರು 165ರಿಂದ 170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದರೆ ಲಿಗ್ನಿನ್ ಕರಗಿ ನಾರು ಬಿಡಿಯಾಗುತ್ತದೆ. ಒಣ ಮರದ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಪಲ್ಪ್ ಆಗಿ ಸಿಗುತ್ತದೆ. ಉಳಿದ ಅರ್ಧ? ಅದು ಹಾಕಿದ ರಾಸಾಯನಿಕಗಳೊಂದಿಗೆ ಸೇರಿ ಕಪ್ಪು ದ್ರವವಾಗುತ್ತದೆ. ಕಾರ್ಖಾನೆಯಲ್ಲಿ ಅದನ್ನು ಬ್ಲ್ಯಾಕ್ ಲಿಕರ್ ಎನ್ನುತ್ತೇವೆ. ಒಂದು ಟನ್ ಪಲ್ಪಿಗೆ ಸುಮಾರು ಒಂದೂವರೆ ಟನ್ ಘನಪದಾರ್ಥ ಈ ಕಪ್ಪು ದ್ರವದಲ್ಲಿ ಕರಗಿರುತ್ತದೆ. ಅಂದರೆ ಮಾರುವ ಸರಕಿಗಿಂತ ಹೆಚ್ಚು ತೂಕದ ವಸ್ತು ಮಾರಲಾಗದ ರೂಪದಲ್ಲಿ ನಮ್ಮ ಕೈಯಲ್ಲಿ ಉಳಿಯುತ್ತದೆ. ಇದನ್ನು ನದಿಗೆ ಬಿಟ್ಟರೆ ನದಿ ಸಾಯುತ್ತದೆ. ಪ್ರತಿ ಬಾರಿ ಹೊಸ ರಾಸಾಯನಿಕ ಕೊಳ್ಳಬೇಕಾಗಿ ಬಂದು ಕಾರ್ಖಾನೆಯೂ ಉಳಿಯುವುದಿಲ್ಲ.

ಆದ್ದರಿಂದ ಬ್ಲ್ಯಾಕ್ ಲಿಕರನ್ನು ಕಾಯಿಸಿ ಗಟ್ಟಿ ಮಾಡಿ, ಬಾಯ್ಲರಿನಲ್ಲಿ ಸುಡುತ್ತಾರೆ. ಅದರಲ್ಲಿರುವ ಲಿಗ್ನಿನ್ ಉರುವಲಾಗಿ ಹಬೆ ಮತ್ತು ವಿದ್ಯುತ್ತು ಕೊಡುತ್ತದೆ. ಸೋಡಿಯಂ ಲವಣಗಳು ಕರಗಿದ ಲೋಹದಂತೆ ಕೆಂಪಗೆ ಹರಿದು ತಳದಿಂದ ಬರುತ್ತವೆ. ಅದಕ್ಕೆ ಸ್ಮೆಲ್ಟ್ ಎಂದು ಹೆಸರು. ಅದನ್ನು ನೀರಿನಲ್ಲಿ ಕರಗಿಸಿ ಸುಣ್ಣ ಬೆರೆಸಿದರೆ ಮತ್ತೆ ಕಾಸ್ಟಿಕ್ ಸೋಡಾ ಸಿಗುತ್ತದೆ. ತಳದಲ್ಲಿ ಕೂತ ಸುಣ್ಣದ ಕೆಸರನ್ನು ಗೂಡಿನಲ್ಲಿ ಸುಟ್ಟರೆ ಮತ್ತೆ ಸುಣ್ಣ. ಚಕ್ರದೊಳಗೆ ಚಕ್ರ. ಮರದಿಂದ ಪಲ್ಪ್ ಮಾಡುವ ಒಳ್ಳೆಯ ಕಾರ್ಖಾನೆಯಲ್ಲಿ ಸೋಡಿಯಂನ ಶೇಕಡಾ 95ಕ್ಕೂ ಹೆಚ್ಚು ಭಾಗ ಹೀಗೆ ಸುತ್ತುತ್ತಲೇ ಇರುತ್ತದೆ.

ಈ ಚಕ್ರಕ್ಕೆ ಸಲ್ಫೈಡ್ ಸೇರಿದ ಕತೆ ನನಗೆ ಬಹಳ ಪ್ರಿಯ. ಇಂದು ಪೋಲೆಂಡಿನಲ್ಲಿರುವ ಡಾನ್ಜಿಗ್ ಊರಿನಲ್ಲಿ ಕಾರ್ಲ್ ದಾಲ್ ಎಂಬ ರಸಾಯನಶಾಸ್ತ್ರಜ್ಞ 1879ರ ಹೊತ್ತಿಗೆ ಕೆಲಸ ಮಾಡುತ್ತಿದ್ದ. ಚಕ್ರದಲ್ಲಿ ಸ್ವಲ್ಪ ಸ್ವಲ್ಪವಾಗಿ ಕಳೆದುಹೋಗುವ ಸೋಡಿಯಂ ಅನ್ನು ತುಂಬಿಕೊಳ್ಳಲು ದುಬಾರಿ ಸೋಡಾ ಬೂದಿಯ ಜಾಗದಲ್ಲಿ ಅಗ್ಗದ ಸೋಡಿಯಂ ಸಲ್ಫೇಟ್ ಹಾಕಿ ನೋಡಿದ. ಕುಲುಮೆಯೊಳಗೆ ಸಲ್ಫೇಟು ಸಲ್ಫೈಡಾಯಿತು, ಸಲ್ಫೈಡು ಅಡುಗೆಯ ದ್ರಾವಣಕ್ಕೆ ಬಂತು. ಬೇಯುವುದು ಬೇಗವಾಯಿತು, ನಾರು ಹಿಂದೆಂದಿಗಿಂತ ಗಟ್ಟಿಯಾಯಿತು. ಜಗತ್ತಿನ ಬಹುಪಾಲು ರಾಸಾಯನಿಕ ಪಲ್ಪ್ ಇಂದು ತಯಾರಾಗುವ ಕ್ರಾಫ್ಟ್ ವಿಧಾನ ಅದೇ. ಕಳೆದುಹೋಗುತ್ತಿರುವುದನ್ನು ತುಂಬುವುದು ಹೇಗೆ ಎಂಬ ಲೆಕ್ಕ ಹಾಕುತ್ತಾ ಕೂತವನಿಗೆ ಅದು ಸಿಕ್ಕಿತು. ಸೋರಿಕೆಯ ಲೆಕ್ಕವನ್ನು ಗುಮಾಸ್ತಗಿರಿ ಎಂದು ತಿಳಿಯುವ ಯುವ ಎಂಜಿನಿಯರುಗಳಿಗೆ ದಾಲ್‌ನ ಹೆಸರನ್ನು ನಾನು ಬಿಡದೆ ಹೇಳುತ್ತೇನೆ.

ಆದರೆ ಯುರೋಪಿನ ಸ್ಪ್ರೂಸ್, ಪೈನ್ ಮರಗಳಿಗೆ ಹೊಂದಿದ ಈ ಚಕ್ರ ನಮ್ಮ ಬಿದಿರಿನ ಮುಂದೆ ಮುಗ್ಗರಿಸಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ವಿಲಿಯಂ ರೈಟ್ ಎಂಬವರು ಬಿದಿರನ್ನು ಬೇಯಿಸುವ ಕ್ರಮವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಭಾರತದ ಕಾಗದೋದ್ಯಮ ಬಿದಿರಿನ ಮೇಲೆ ನಿಂತದ್ದರ ಹಿಂದೆ ಆ ಕೆಲಸವಿದೆ. 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು, 1950ರ ದಶಕದ ಕೊನೆಯಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾರ್ಖಾನೆ ಶುರುವಾದದ್ದು, ಎಲ್ಲವೂ ಸುತ್ತಲ ಬಿದಿರಿನ ಕಾಡನ್ನು ನಂಬಿ. ಬಿದಿರು ಹುಲ್ಲಿನ ಜಾತಿ. ಹುಲ್ಲು, ಭತ್ತದ ಒಣಹುಲ್ಲು, ಕಬ್ಬಿನ ಸಿಪ್ಪೆ ಇವುಗಳಲ್ಲೆಲ್ಲ ಸಿಲಿಕಾ ಇದೆ, ಮರದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಕ್ಷಾರದಲ್ಲಿ ಅದು ಕರಗಿ ಬ್ಲ್ಯಾಕ್ ಲಿಕರಿಗೆ ಬರುತ್ತದೆ, ಕಾಯಿಸುವ ಕೊಳವೆಗಳೊಳಗೆ ಗಾಜಿನಂಥ ಪದರ ಕಟ್ಟುತ್ತದೆ. ಕೊನೆಗೆ ಸುಣ್ಣದ ಕೆಸರಿಗೆ ಸೇರುತ್ತದೆ. ಆ ಕೆಸರನ್ನು ಮತ್ತೆ ಸುಟ್ಟು ಬಳಸಿದರೆ ಸಿಲಿಕಾ ಸುತ್ತಿದಷ್ಟೂ ಬೆಳೆಯುತ್ತದೆ, ಸುಣ್ಣ ಕೆಲಸಕ್ಕೆ ಬಾರದಾಗುತ್ತದೆ. ಹಾಗಾಗಿ ಬಿದಿರು ಬಳಸುವ ಕಾರ್ಖಾನೆಗಳ ಬೆನ್ನಿಗೆ ಬಿಳಿಯ ಸುಣ್ಣದ ಕೆಸರಿನ ಗುಡ್ಡಗಳು ಬೆಳೆದವು.

ಇದಕ್ಕೆ ಮದ್ದು ಹುಡುಕಿದವರಲ್ಲಿ ನಮ್ಮವರೂ ಇದ್ದಾರೆ. ಬಾಯ್ಲರಿನ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಬ್ಲ್ಯಾಕ್ ಲಿಕರಿನೊಳಗೆ ಹಾಯಿಸಿ ಪಿಎಚ್ ಅನ್ನು ಸ್ವಲ್ಪ ಇಳಿಸಿದರೆ ಸಿಲಿಕಾ ಗರಣೆಗಟ್ಟುತ್ತದೆ. ಇನ್ನೂ ಸ್ವಲ್ಪ ಹೆಚ್ಚು ಇಳಿಸಿದರೆ ಲಿಗ್ನಿನ್ನೂ ಗರಣೆಗಟ್ಟಿ ಎಲ್ಲ ಕೆಡುತ್ತದೆ. ಆ ಎರಡರ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಹಗಲೂ ರಾತ್ರಿ ನಿಂತು ನಡೆಸಬೇಕು. ಸಹಾರನಪುರದ ಕೇಂದ್ರೀಯ ಪಲ್ಪ್ ಮತ್ತು ಕಾಗದ ಸಂಶೋಧನಾ ಸಂಸ್ಥೆ ಈ ದಾರಿಯಲ್ಲಿ ಕೆಲಸ ಮಾಡಿದೆ. ಹೊರದೇಶದ ಪಠ್ಯಪುಸ್ತಕದಲ್ಲಿ ಒಂದು ಅಡಿಟಿಪ್ಪಣಿಯಷ್ಟೂ ಜಾಗ ಸಿಗದ ಸಿಲಿಕಾ ನಮ್ಮ ಎಂಜಿನಿಯರುಗಳ ಆಯುಷ್ಯವನ್ನೇ ತಿಂದಿದೆ. ನಿಮ್ಮ ನೆಲದ ಸರಕು ಒಡ್ಡುವ ಸಮಸ್ಯೆಯನ್ನು ನೀವೇ ಬಿಡಿಸಬೇಕು. ಹೊಲಗಳಿಂದ ಸಿಗುವ ನಾರನ್ನು ಬಳಸಲು ಹೊರಡುವ ಈಗಿನ ಯುವಕರಿಗೂ ಈ ಸಿಲಿಕಾ ಎದುರಾಗುತ್ತದೆ. ಅವರಿಗೆ ಇದರಲ್ಲಿ ಇಡೀ ವೃತ್ತಿಜೀವನಕ್ಕೆ ಸಾಲುವಷ್ಟು ಕೆಲಸವಿದೆ.

ಇಲ್ಲಿಯವರೆಗೆ ಚೌಕದ ಗೆರೆ ಕಾರ್ಖಾನೆಯ ಕಾಂಪೌಂಡಿನೊಳಗೇ ಇತ್ತು. ಈಗ ಅದನ್ನು ದಾಟಬೇಕು.

ಬಿದಿರು ಎಲ್ಲಿಂದ ಬಂತು? 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಅವರ ಸಂಗಡಿಗ ನರೇಂದ್ರ ಪ್ರಸಾದ್ ಉತ್ತರ ಕನ್ನಡದ ಕಾಡಿನಲ್ಲಿ ಬಿದಿರಿನ ಮೆಳೆಗಳನ್ನು ಅಳೆಯುತ್ತಾ ಓಡಾಡಿದರು. ಬಿದಿರು ವೇಗವಾಗಿ ಕ್ಷೀಣಿಸುತ್ತಿತ್ತು. ಬುಟ್ಟಿ ಹೆಣೆಯುವವರಿಗೆ ಬಿದಿರು ಸಿಗುತ್ತಿರಲಿಲ್ಲ. ಕಡಿಯಲು ಅನುಕೂಲವಾಗಲೆಂದು, ಮೆಳೆಗೂ ಒಳ್ಳೆಯದೆಂಬ ನಂಬಿಕೆಯಿಂದ, ಬುಡದ ಮುಳ್ಳುಗಳನ್ನು ಸವರಿ ತೆಗೆಯುವ ಪದ್ಧತಿ ಆಗ ಇತ್ತು. ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ ಎಂದು ಹಳ್ಳಿಯವರು ತಿಳಿದಿದ್ದರು. ಮುಳ್ಳು ಹೋದ ಮೇಲೆ ದನಕರುಗಳೂ ಕಾಡುಪ್ರಾಣಿಗಳೂ ಕಳಲೆಯನ್ನು ಮೇಯ್ದವು, ಹೊಸ ಗಳು ಮೇಲೇಳಲಿಲ್ಲ. ಗಾಡ್ಗೀಳರ ಅಧ್ಯಯನ ಹಳ್ಳಿಯವರ ಮಾತನ್ನೇ ಎತ್ತಿಹಿಡಿಯಿತು. ದಾಂಡೇಲಿಯ ಕಾರ್ಖಾನೆಗೆ ಆರಂಭದಲ್ಲಿ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯಷ್ಟು ಅಲ್ಪ ದರಕ್ಕೆ ಸಿಗುತ್ತಿತ್ತೆಂದೂ ಅವರು ಬರೆದಿದ್ದಾರೆ. ಪೇಟೆಯಲ್ಲಿ ಕೊಳ್ಳಬೇಕಾದ ಮೇದಾರರು ಕೊಡುತ್ತಿದ್ದುದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನವರಿದ್ದರು. ಬಿದಿರು ಸೀಳಿ ಬುಟ್ಟಿ ಹೆಣೆದು ಬದುಕಿದವರು. ಅಷ್ಟು ಹಳೆಯ ಕಸುಬಿಗೆ ಬೇಕಾದ ಬಿದಿರು ನಮ್ಮ ಡೈಜೆಸ್ಟರಿಗೆ ಬಂದಾಗ ಆ ಬಾಣದ ಹಿಂಬದಿಯಲ್ಲಿ ಯಾರಿದ್ದಾರೆಂದು ನಮ್ಮ ಲೆಕ್ಕದ ಹಾಳೆಯಲ್ಲಿ ಇರಲಿಲ್ಲ. ಟನ್ನಿಗೆ ಒಂದೂವರೆ ರೂಪಾಯಿ ಎಂದು ಬರೆದಾಗ ಬಿದಿರಿನ ನಿಜವಾದ ಬೆಲೆ ಮುಚ್ಚಿಹೋಗುತ್ತದೆ. ಬೆಲೆ ಕಾಣದಿದ್ದಾಗ ಅದನ್ನು ಮಿತವಾಗಿ ಬಳಸುವ ಎಂಜಿನಿಯರಿಂಗೂ ಹುಟ್ಟುವುದಿಲ್ಲ. ಇದು ಕಣ್ಣೀರಿನ ಮಾತಲ್ಲ, ತಾಂತ್ರಿಕ ಮಾತು. ಮುಂದೆ ಕಾಡಿನ ಬಿದಿರು ಕೈಕೊಟ್ಟ ಮೇಲೆ ಕಾರ್ಖಾನೆಗಳು ರೈತರ ಹೊಲದಲ್ಲಿ ಬೆಳೆದ ಸುಬಾಬುಲ್, ಸರ್ವೆ, ನೀಲಗಿರಿಗೆ ಬದಲಾದವು. ಸರಿಯಾದ ಬೆಲೆ ಕೊಡಬೇಕಾಗಿ ಬಂದಾಗ ಇಳುವರಿಯ ಪ್ರತಿ ಅರ್ಧ ಶೇಕಡಾಕ್ಕೂ ಎಂಜಿನಿಯರುಗಳು ತಲೆ ಕೆಡಿಸಿಕೊಂಡರು.

ಇನ್ನು ನೀರು. ಪೇಪರ್ ಮೆಷೀನಿನ ಜಾಲರಿಯ ಮೇಲೆ ಬೀಳುವ ಪಲ್ಪಿನಲ್ಲಿ ನಾರು ಶೇಕಡಾ ಅರ್ಧದಿಂದ ಒಂದರಷ್ಟು ಮಾತ್ರ. ನೀರುಮಜ್ಜಿಗೆಗಿಂತ ತೆಳು. ಅರ್ಧ ಶೇಕಡಾ ಎಂದರೆ ಒಂದು ಟನ್ ನಾರಿನ ಜೊತೆ 199 ಟನ್ ನೀರು ಓಡುತ್ತಿದೆ ಎಂದರ್ಥ. ಅದರಲ್ಲಿ ಬಹುಪಾಲು ಹಿಂದಕ್ಕೆ ಬಂದು ಮತ್ತೆ ಬಳಕೆಯಾಗುತ್ತದೆ. ಆದರೂ ಹಳೆಯ ಕಾರ್ಖಾನೆಗಳು ಒಂದು ಟನ್ ಕಾಗದಕ್ಕೆ 200 ಸಾವಿರ ಲೀಟರಿನಷ್ಟು ಹೊಸ ನೀರನ್ನು ನದಿಯಿಂದ ಎತ್ತುತ್ತಿದ್ದವು. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಅಳತೆ ಹಿಡಿದರೆ ಸುಮಾರು 1,480 ಜನರ ಒಂದು ದಿನದ ನೀರು. ಇಂದು ಒಳ್ಳೆಯ ಕಾರ್ಖಾನೆಗಳು 50 ಸಾವಿರ ಲೀಟರಿನ ಆಸುಪಾಸಿಗೆ ಇಳಿದಿವೆ. ಇಳಿಸಿದ್ದು ಹೇಗೆ? ಒಂದು ದೊಡ್ಡ ಯಂತ್ರ ತಂದು ಅಲ್ಲ. ಪಂಪುಗಳ ಸೀಲಿಗೆ ಹೋಗುವ ನೀರು, ನೆಲ ತೊಳೆಯುವ ನೀರು, ತಂಪು ಮಾಡಿ ಸುಮ್ಮನೆ ಚರಂಡಿಗೆ ಹೋಗುವ ನೀರು, ಒಂದೊಂದನ್ನೂ ಅಳೆದು, ಹೆಸರಿಟ್ಟು, ಹಿಂದಕ್ಕೆ ತಿರುಗಿಸಿ.

ತಿರುಗಿಸಿದಾಗಲೂ ಲೆಕ್ಕ ಬಿಡುವುದಿಲ್ಲ. ಮೊದಲು ನೀರಿನೊಡನೆ ಹೊರಹೋಗುತ್ತಿದ್ದ ಕ್ಲೋರೈಡು, ಪೊಟ್ಯಾಸಿಯಂ, ಸುಣ್ಣದ ಅಂಶ ಈಗ ಒಳಗೇ ಸೇರುತ್ತವೆ. ಬಾಯ್ಲರಿನ ಬೂದಿ ಅಂಟಂಟಾಗುತ್ತದೆ, ಕೊಳವೆ ಸವೆಯುತ್ತದೆ, ಜಾಲರಿಗೆ ಲೋಳೆ ಹತ್ತುತ್ತದೆ. ಒಂದು ಬಾಗಿಲು ಮುಚ್ಚುವ ಮೊದಲು ಆ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದುದೆಲ್ಲ ಇನ್ನು ಎಲ್ಲಿಗೆ ಹೋಗಲಿದೆ ಎಂದು ಕೇಳಬೇಕು. ಆ ಪ್ರಶ್ನೆಗೆ ಹಾಳೆಯ ಮೇಲೆ ಉತ್ತರ ಇಲ್ಲದೆ ಯಾವ ಉಳಿತಾಯದ ಯೋಜನೆಗೂ ಸಹಿ ಹಾಕಬೇಡಿ.

ಬಿಳುಪಿನ ವಿಷಯವೂ ಹೀಗೆಯೇ. ಕ್ಲೋರಿನ್ ಅನಿಲದಿಂದ ಪಲ್ಪನ್ನು ಬೆಳ್ಳಗೆ ಮಾಡುವುದು ಅಗ್ಗದ ದಾರಿ. 1980ರ ದಶಕದ ಮಧ್ಯದಲ್ಲಿ ಪಶ್ಚಿಮದ ದೇಶಗಳಲ್ಲಿ ಇಂಥ ಕಾರ್ಖಾನೆಗಳ ಕೆಳಗಿನ ನದಿಗಳ ಮೀನುಗಳಲ್ಲಿ ಡೈಆಕ್ಸಿನ್ ಎಂಬ ಭಯಂಕರ ವಿಷ ಕಂಡುಬಂತು. ಲಿಗ್ನಿನ್ನಿಗೆ ಅಂಟಿಕೊಂಡ ಕ್ಲೋರಿನ್ ಎಲ್ಲಿ ಹೋಯಿತೆಂದು ಅಲ್ಲಿಯವರೆಗೆ ಹೆಚ್ಚು ಜನ ಕೇಳಿರಲಿಲ್ಲ. ಆಮೇಲೆ ಕ್ಲೋರಿನ್ ಡೈಆಕ್ಸೈಡ್, ಆಮ್ಲಜನಕ ಬಳಸುವ ಕ್ರಮಗಳು ಬಂದವು. ನಮ್ಮಲ್ಲೂ 2003ರಲ್ಲಿ ಸರ್ಕಾರ ಮತ್ತು ಉದ್ಯಮಗಳ ನಡುವೆ ಆದ ಪರಿಸರ ಸನ್ನದಿನ ನಂತರ ದೊಡ್ಡ ಕಾರ್ಖಾನೆಗಳು ಆ ಕಡೆಗೆ ತಿರುಗಿದವು.

ಆದರೆ ನಾನು ಯಾವ ಕಿರಿಯನಿಗೂ ಹೇಳದೆ ಬಿಡದ ಉದಾಹರಣೆ ಕೆನಡಾದ್ದು. ಒಂಟಾರಿಯೋ ಪ್ರಾಂತ್ಯದ ಡ್ರೈಡನ್ ಎಂಬಲ್ಲಿ ಪಲ್ಪ್ ಕಾರ್ಖಾನೆಗೆ ಕ್ಲೋರಿನ್ ಒದಗಿಸಲು ಒಂದು ಘಟಕವಿತ್ತು. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕ್ಲೋರಿನ್ ಮತ್ತು ಕಾಸ್ಟಿಕ್ ಸೋಡಾ ತೆಗೆಯುವಾಗ ಅಲ್ಲಿ ಪಾದರಸವನ್ನು ವಿದ್ಯುದ್ವಾರವಾಗಿ ಬಳಸುತ್ತಿದ್ದರು. 1962ರಿಂದ 1970ರ ನಡುವೆ ಸುಮಾರು 10 ಟನ್ ಪಾದರಸ ಅಲ್ಲಿನ ವಾಬಿಗೂನ್ ನದಿಗೆ ಸೇರಿತು. ಕೆಳಹರಿವಿನಲ್ಲಿ ಮೀನನ್ನೇ ನಂಬಿ ಬದುಕಿದ್ದ ಗ್ರಾಸಿ ನ್ಯಾರೋಸ್ ಮೂಲನಿವಾಸಿಗಳ ನರಮಂಡಲವನ್ನು ಅದು ಹೊಕ್ಕಿತು. ಪಾದರಸದಿಂದ ಬರುವ ಜಪಾನಿನ ಮಿನಮಾಟಾ ರೋಗವನ್ನು ಅಧ್ಯಯನ ಮಾಡಿದ್ದ ವೈದ್ಯ ಹರಾದ ಮಸಾಝುಮಿ 1975ರಲ್ಲಿ ಅಲ್ಲಿಗೆ ಹೋಗಿ ಅದೇ ಲಕ್ಷಣಗಳನ್ನು ಕಂಡರು. ಆ ಜನರ ಸಂಕಟ ಇಂದಿಗೂ ಮುಗಿದಿಲ್ಲ.

ಇಲ್ಲೊಂದು ಸಣ್ಣ ರಸಾಯನಶಾಸ್ತ್ರ ಗಮನಿಸಿ. ಆ ಕ್ರಿಯೆಯಲ್ಲಿ ಪಾದರಸ ಖರ್ಚಾಗುವುದೇ ಇಲ್ಲ. ಅದು ಬರೀ ಹರಿಯುವ ಲೋಹದ ಹಾಸು. ಹಾಗಾದರೆ ಅಂಥ ಘಟಕ ಪ್ರತಿ ವರ್ಷ ಹೊಸದಾಗಿ ಕೊಳ್ಳುವ ಪಾದರಸದ ಒಂದೊಂದು ಕಿಲೋ ಕೂಡ ಎಲ್ಲೋ ಸೋರಿಹೋದ ಒಂದೊಂದು ಕಿಲೋ. ಇದನ್ನು ಕಂಡುಹಿಡಿಯಲು ದೊಡ್ಡ ಉಪಕರಣ ಬೇಡ, ಉಗ್ರಾಣದ ಖರೀದಿ ಪುಸ್ತಕ ಸಾಕು. ಕೆಮಿಕಲ್ ಎಂಜಿನಿಯರ್ ಓದಬೇಕಾದ ಮೊದಲ ದಾಖಲೆ ಅದು. ಕ್ರಿಯೆಯಲ್ಲಿ ಖರ್ಚಾಗದ ವಸ್ತುವನ್ನು ನಿಮ್ಮ ಕಾರ್ಖಾನೆ ಮತ್ತೆ ಮತ್ತೆ ಕೊಳ್ಳುತ್ತಿದೆಯೇ? ಕೊಳ್ಳುತ್ತಿದ್ದರೆ ಅದು ಹೋದ ಜಾಗ ಪತ್ತೆಯಾಗುವವರೆಗೆ ನಿದ್ದೆ ಮಾಡಬೇಡಿ. ಅದು ಸೋಡಾ ಆಗಿದ್ದರೆ ಹಣದ ನಷ್ಟ. ಪಾದರಸವಾಗಿದ್ದರೆ ಯಾರದೋ ಮಗುವಿನ ಮೆದುಳು.

ಕಾರ್ಖಾನೆಯೊಳಗಿನ ಜೀವಗಳ ಮಾತೂ ಇದೇ ಲೆಕ್ಕಕ್ಕೆ ಸೇರುತ್ತದೆ. 2002ರ ಜನವರಿಯಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಒಂದು ಕಾಗದ ಕಾರ್ಖಾನೆಯಲ್ಲಿ ಗಂಧಕದ ಅಂಶವಿದ್ದ ಸೋಡಿಯಂ ದ್ರಾವಣ ಚರಂಡಿಗೆ ಹರಿಯಿತು. ಅದೇ ಚರಂಡಿಗೆ ಆಮ್ಲವೂ ಬಂತು. ಎರಡೂ ಕೂಡಿದ ಕಡೆ ಹೈಡ್ರೋಜನ್ ಸಲ್ಫೈಡ್ ಅನಿಲ ಎದ್ದು ಇಬ್ಬರು ಗುತ್ತಿಗೆ ಕೆಲಸಗಾರರು ಸತ್ತರು, ಎಂಟು ಮಂದಿ ಅಸ್ವಸ್ಥರಾದರು. ಎರಡು ಹರಿವುಗಳೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದವು. ಎರಡೂ ಸೇರುವ ಮೂಲೆಯನ್ನು ಒಂದೇ ಚೌಕದೊಳಗೆ ಇಟ್ಟು ನೋಡಿದವರು ಇರಲಿಲ್ಲ. ಈ ಅನಿಲದ ಗುಣ ಕ್ರೂರವಾದದ್ದು. ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ. ಸುಮಾರು 100 ಪಿಪಿಎಂ ಮುಟ್ಟಿದಾಗ ಮೂಗು ಮರಗಟ್ಟಿ ವಾಸನೆಯೇ ನಿಂತುಹೋಗುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಹಿಂದಿರುಗುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಹಿಂದಿರುಗುವುದಿಲ್ಲ. ಪಲ್ಪಿನ ಗುಂಡಿಗೆ, ತೊಟ್ಟಿಗೆ ಇಳಿಯುವವರು ಬಹುತೇಕ ಗುತ್ತಿಗೆಯ ಕೂಲಿಯವರು, ಅದೇ ವಾರ ಬಂದವರು. ಅನಿಲ ಅಳೆಯದೆ, ಮೇಲೆ ಹಗ್ಗ ಹಿಡಿದ ಒಬ್ಬ ನಿಲ್ಲದೆ, ಯಾರನ್ನೂ ಇಳಿಸಬೇಡಿ. ಉತ್ಪಾದನೆ ನಿಂತಿತೆಂದು ಮೇಲಿನವರು ಕೂಗಿದರೂ ಸರಿ. ಆ ಹೊತ್ತಿನಲ್ಲಿ ಇಲ್ಲ ಎನ್ನುವ ಅಧಿಕಾರ ನಿಮ್ಮ ಸಹಿಗೆ ಇದೆ.

ರಿಕವರಿ ಬಾಯ್ಲರಿನಲ್ಲೂ ಹೀಗೆ ಒಂದು ನಿಯಮವಿದೆ. ಕೆಳಗೆ ಕೆಂಪಗೆ ಕುದಿಯುವ ಸ್ಮೆಲ್ಟಿನ ಮೇಲೆ ಕೊಳವೆ ಒಡೆದು ನೀರು ಬಿದ್ದರೆ ಸ್ಫೋಟ. ನೀರು ಕುಲುಮೆಗೆ ಬಿತ್ತೆಂಬ ಅನುಮಾನ ಬಂದರೂ ಸಾಕು, ಎಲ್ಲರೂ ಹೊರಗೆ ಓಡಬೇಕು, ಬಾಯ್ಲರಿನ ನೀರನ್ನು ಕುಲುಮೆಯ ತಳದಿಂದ 8 ಅಡಿ ಎತ್ತರದವರೆಗೆ ಬರಿದು ಮಾಡುವ ತುರ್ತು ಗುಂಡಿಯನ್ನು ಒತ್ತಬೇಕು. ಇದರಿಂದ ಬಾಯ್ಲರಿಗೆ ಹಾನಿಯಾಗಬಹುದು, ಕಾರ್ಖಾನೆ ದಿನಗಟ್ಟಲೆ ನಿಲ್ಲಬಹುದು. ಆದರೂ ಆ ಗುಂಡಿ ಒತ್ತಿದ ಆಪರೇಟರನನ್ನು ಮರುದಿನ ಯಾರೂ ತಪ್ಪಿತಸ್ಥನಂತೆ ವಿಚಾರಿಸಬಾರದು. ಅನುಮಾನ ಸುಳ್ಳಾಗಿದ್ದರೂ ಬೆನ್ನು ತಟ್ಟಬೇಕು. ಹಾಗೆ ಬೆನ್ನು ತಟ್ಟುವ ಹಿರಿಯರಿರುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕರೆ ಸಂಬಳ ಸ್ವಲ್ಪ ಕಡಿಮೆಯಾದರೂ ಒಪ್ಪಿಕೊಳ್ಳಿ ಎಂದು ನಾನು ಹೇಳುತ್ತೇನೆ.

ಕಾರ್ಖಾನೆಗಳು ಶಾಶ್ವತವಲ್ಲ ಎಂಬುದನ್ನೂ ಹೇಳಬೇಕು. 1981ರಲ್ಲಿ ಪತ್ರಿಕಾ ಕಾಗದ ತಯಾರಿಸತೊಡಗಿದ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ನಲ್ಲಿ ಉತ್ಪಾದನೆ ನಿಂತು ವರ್ಷಗಳೇ ಕಳೆದವು. ಒಂದು ಊರಿನ ಬದುಕೇ ಅದರ ಸೈರನ್ನಿಗೆ ಹೊಂದಿಕೊಂಡಿತ್ತು. ಕಾಗದ ಮಾಡುವುದನ್ನಷ್ಟೇ ಕಲಿತವರಿಗೆ ಅಂಥ ದಿನ ಬಹಳ ಕಷ್ಟ. ಆದರೆ ಕಾಗದದ ಕಾರ್ಖಾನೆಯೊಂದರಲ್ಲೇ ಹಬೆ, ವಿದ್ಯುತ್ತು, ಸುಣ್ಣದ ಗೂಡು, ನೀರಿನ ಶುದ್ಧೀಕರಣ, ಬಾಷ್ಪೀಕರಣ, ಬಾಯ್ಲರು ಎಲ್ಲ ಇರುತ್ತವೆ. ಇವುಗಳ ಲೆಕ್ಕವನ್ನು ಮೂಲದಿಂದ ಹಾಕಬಲ್ಲವರಿಗೆ ಸಕ್ಕರೆ, ಔಷಧ, ನಗರದ ನೀರು ಶುದ್ಧೀಕರಣ, ಎಲ್ಲಿಯಾದರೂ ಜಾಗವಿದೆ. ಒಂದೇ ವಿಭಾಗದಲ್ಲಿ ಬಹುಕಾಲ ಕೂರಬೇಡಿ. ಪಲ್ಪಿನವರು ರಿಕವರಿಗೆ ಹೋಗಿ, ರಿಕವರಿಯವರು ನೀರಿಗೆ ಹೋಗಿ. ಕೇಳಿ ಪಡೆಯಿರಿ, ಯಾರೂ ತಾವಾಗಿ ಕಳಿಸುವುದಿಲ್ಲ.

ಕೊನೆಯದಾಗಿ, ಗೆರೆಯನ್ನು ಕಾಲದಲ್ಲೂ ಮುಂದಕ್ಕೆ ಎಳೆಯಬೇಕು. ಇದು ಪುಸ್ತಕ ಪ್ರೀತಿಸುವ ಕೇಳುಗರಿಗೆ ಸಂಬಂಧಿಸಿದ್ದು. 1807ರಲ್ಲಿ ಜರ್ಮನಿಯ ಮೊರಿಟ್ಸ್ ಇಲಿಗ್ ಎಂಬವನು ರಾಳ ಮತ್ತು ಪಟಿಕ ಬಳಸಿ ಕಾಗದದ ಮೇಲೆ ಶಾಯಿ ಹರಡದಂತೆ ಮಾಡುವ ವಿಧಾನ ಕಂಡುಹಿಡಿದ. ಅಗ್ಗ, ಸುಲಭ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಜಗತ್ತು ಅದನ್ನೇ ಬಳಸಿತು. ಆದರೆ ಪಟಿಕ ಕಾಗದದಲ್ಲಿ ಆಮ್ಲವನ್ನು ಬಿಟ್ಟುಹೋಗುತ್ತದೆ. ಆ ಆಮ್ಲ ಕಪಾಟಿನಲ್ಲಿ ಕೂತು ನಾರಿನ ಉದ್ದನೆಯ ಸರಪಣಿಗಳನ್ನು ನಿಧಾನವಾಗಿ ಕತ್ತರಿಸುತ್ತದೆ. ಕಳೆದ ಶತಮಾನದ ಎಷ್ಟೋ ಕನ್ನಡ ಪುಸ್ತಕಗಳ ಹಾಳೆ ಇಂದು ಮಡಿಚಿದರೆ ಮುರಿಯುವುದಕ್ಕೆ ಕಾರಣ ಇದು. ಗೆದ್ದಲು, ತೇವ ಎಲ್ಲ ಆಮೇಲೆ. ಕಾಗದ ಗೇಟು ದಾಟಿದಾಗ ಆಮ್ಲವೂ ಅದರ ಜೊತೆ ಹೋಯಿತು, ನಮ್ಮ ಲೆಕ್ಕ ಮಾತ್ರ ಗೇಟಿನಲ್ಲೇ ನಿಂತಿತು.

ಈಗ ಬಹಳಷ್ಟು ಬರೆಯುವ, ಮುದ್ರಿಸುವ ಕಾಗದವನ್ನು ಪಟಿಕವಿಲ್ಲದೆ, ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿ ತಯಾರಿಸುತ್ತಾರೆ. ಆ ಕಾರ್ಬೊನೇಟು ಗಾಳಿಯಿಂದ ಬರುವ ಆಮ್ಲವನ್ನೂ ನುಂಗುತ್ತದೆ. ಹಾಳೆಯ ಮೂಲೆಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಹಾಕಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಯಾವ ಕಾಲೇಜಿನ ಪ್ರಯೋಗಾಲಯದಲ್ಲೂ ಮಾಡಿ ನೋಡಬಹುದು. ಎಲ್ಲ ಕಾಗದವೂ ಹೀಗಿಲ್ಲ, ಅಗ್ಗದ ದರ್ಜೆಗಳಲ್ಲಿ ಹಳೆಯ ಕ್ರಮ ಇನ್ನೂ ಉಳಿದಿರಬಹುದು. ಆದ್ದರಿಂದ ನಿಘಂಟು, ಸಮಗ್ರ ಸಂಪುಟ, ಶಾಸನಗಳ ಪುಸ್ತಕ ಅಚ್ಚು ಹಾಕಿಸುವ ನಮ್ಮ ಪ್ರಕಾಶಕರು ಕಾಗದ ಕೊಳ್ಳುವಾಗ ಗ್ರಾಂ ತೂಕ ಮತ್ತು ದರದ ಜೊತೆಗೆ ಅದರ ಪಿಎಚ್ ಎಷ್ಟು ಎಂದು ಬರಹದಲ್ಲಿ ಕೇಳಬೇಕು. ಏಳಕ್ಕಿಂತ ಕಡಿಮೆ ಇದ್ದರೆ ಹಿಂದಿರುಗಿಸಬೇಕು. ಆ ಪತ್ರ ಕಾರ್ಖಾನೆಯ ಮಾರಾಟ ವಿಭಾಗದಿಂದ ಒಳಗೆ ಬಂದಾಗ ಉತ್ತರ ಬರೆಯಬೇಕಾದವರು ಈಗಷ್ಟೇ ಓದು ಮುಗಿಸಿ ಬಂದ ಕೆಮಿಕಲ್ ಎಂಜಿನಿಯರುಗಳೇ. ಅಳೆದು, ನಿಜವಾದ ಅಂಕಿಯನ್ನು ಬರೆದು ಕಳಿಸಿ.